ಜೈತುನ್‌ಬಿಗೆ ಕೇಳಿದ ಎರಡನೇ ಪ್ರಶ್ನೆ

ನಮ್ಮೂರಿನ ವಿಮಾ ವಕೀಲರ ಸಂಘದಲ್ಲಿ ಮೂವತ್ತೆರಡು ಜನ ಸದಸ್ಯರು. ಮೂವತ್ತೊಂದು ಆಗುವಂತಿಲ್ಲ, ಮೂವತ್ಮೂರೂ ಆಗುವಂತಿಲ್ಲ. ಹದಿನಾರು ಜನಕ್ಕೆ ಹಳದಿ ಕಾರ್ಡು, ಹದಿನಾರು ಜನಕ್ಕೆ ನೀಲಿ. ಹಳದಿ ಕಾರ್ಡಿನವರು ಪರಿಹಾರ ಕೇಳುವ ಜನರ ಪರವಾಗಿ ವಾದಿಸಬೇಕು, ನೀಲಿಯವರು ಕಂಪನಿಯ ಪರವಾಗಿ. ಮಾಘ ಮಾಸದ ಎರಡನೇ ಭಾನುವಾರ ಸದಸ್ಯತ್ವದ ನವೀಕರಣ. ಅವತ್ತು ಹಳದಿಯವರು ತಮ್ಮ ಕಾರ್ಡು ಒಪ್ಪಿಸಿ ನೀಲಿ ತೆಗೆದುಕೊಳ್ಳುತ್ತಾರೆ, ನೀಲಿಯವರು ಹಳದಿ. ಕಾರ್ಡಿನ ಜೊತೆಗೆ ಫೈಲುಗಳೂ ಕೈ ಬದಲಾಗುತ್ತವೆ. ಶನಿವಾರದವರೆಗೆ ಒಬ್ಬರ ಪರವಾಗಿ ಗಂಟಲು ಹರಿದುಕೊಂಡವರು ಸೋಮವಾರದಿಂದ ಅದೇ ಮೊಕದ್ದಮೆಯಲ್ಲಿ ಎದುರು ಬೆಂಚಿಗೆ ಹೋಗಿ ಕೂರುತ್ತಾರೆ. ಇದು ಯಾವಾಗ ಶುರುವಾಯಿತು, ಯಾರು ಮಾಡಿದ್ದು ಎಂದು ನಮ್ಮಲ್ಲಿ ಯಾರೂ ಕೇಳುವುದಿಲ್ಲ.

ಊರು ಇದಕ್ಕೆ ಹೊಂದಿಕೊಂಡಿದೆ. ನಮ್ಮ ಕೋರ್ಟಿನಲ್ಲಿ ಯಾವ ವಕೀಲರೂ ಸಾಕ್ಷಿಯನ್ನು ಗದರಿಸುವುದಿಲ್ಲ. ಮುಂದಿನ ಮಾಘದಲ್ಲಿ ಅದೇ ಸಾಕ್ಷಿಯ ಮನೆಗೆ ಹೋಗಿ ಚಾಪೆಯ ಮೇಲೆ ಕೂತು ಮಾತಾಡಬೇಕಾಗುತ್ತದೆ ಎಂಬುದು ಗೊತ್ತಿರುತ್ತದಲ್ಲ. ಮದುವೆಯಾಗದ ವಕೀಲರು ಹಳದಿ ವರ್ಷ ನೋಡಿಕೊಂಡು ಹೆಣ್ಣು ನೋಡಲು ಹೋಗುತ್ತಾರೆ. ಒಮ್ಮೆ ಪೇಂಟರ್ ಒಬ್ಬ ಪುಷ್ಯ ಮಾಸದಲ್ಲಿ ಏಣಿಯಿಂದ ಬಿದ್ದು ಕಾಲು ಮುರಿದುಕೊಂಡಾಗ ಅವನ ಹೆಂಡತಿ ಆಸ್ಪತ್ರೆಯಲ್ಲೇ ಜಗಳ ತೆಗೆದಿದ್ದಳು: "ಇನ್ನೊಂದು ತಿಂಗಳು ತಡೆದು ಬೀಳ್ಬಾರ್ದಿತ್ತಾ? ಪಂಪಾಪತಿ ಸಾಹೇಬ್ರು ಹಳದಿಗೆ ಬರ್ತಿದ್ರು!"

ಆ ಪಂಪಾಪತಿಯವರೇ ನನ್ನ ಜೋಡಿ. ಸಂಘಕ್ಕೆ ಯಾರನ್ನೂ ಒಬ್ಬೊಬ್ಬರಾಗಿ ಸೇರಿಸಿಕೊಳ್ಳುವುದಿಲ್ಲ. ಎದುರು ಕೂರಲು ಒಬ್ಬರು ಬೇಕೇ ಬೇಕು. ಒಬ್ಬರು ಹೋದರೆ ಅವರ ಜೋಡಿಯೂ ಹೊಸ ಜೋಡಿ ಸಿಗುವವರೆಗೆ ಮನೆಯಲ್ಲಿರಬೇಕು. ನಾನು, ಕಾತ್ಯಾಯಿನಿ, ಕಾನೂನು ಓದಿ ಮುಗಿಸಿ ಎರಡು ವರ್ಷ ಕಾದಿದ್ದೆ. ಪಂಪಾಪತಿಯವರ ಹಳೆಯ ಜೋಡಿ ಕಣ್ಣು ಮಂಜಾಗಿ ನಿವೃತ್ತರಾದಾಗ ನನಗೆ ಜಾಗ ಸಿಕ್ಕಿತು. ಆಗ ನನಗೆ ಇಪ್ಪತ್ತೊಂಬತ್ತು, ಅವರಿಗೆ ನಲವತ್ತೈದು. ಅಲ್ಲಿಂದ ಹದಿನಾರು ವರ್ಷ ನಾವಿಬ್ಬರೂ ಫೈಲು ಅದಲುಬದಲು ಮಾಡಿಕೊಂಡು ಬಂದಿದ್ದೆವು. ಅವರ ಅಕ್ಷರ ನನಗೆ ನನ್ನ ತಮ್ಮನ ಅಕ್ಷರಕ್ಕಿಂತ ಚೆನ್ನಾಗಿ ಗೊತ್ತು. ಅನುಮಾನ ಬಂದ ಕಡೆ ಅವರು ಪೆನ್ಸಿಲಿನಲ್ಲಿ ಸಣ್ಣ ಸೊನ್ನೆ ಸುತ್ತುತ್ತಾರೆ, ಸಿಟ್ಟು ಬಂದ ಕಡೆ ಹಾಳೆ ತೂತಾಗುವಂತೆ ಗೆರೆ ಎಳೆಯುತ್ತಾರೆ.

ಸಂಘದ ಸಭಾಂಗಣದಲ್ಲಿ, ಅಧ್ಯಕ್ಷರ ಕುರ್ಚಿಯ ಮೇಲುಗಡೆ, ಒಂದೇ ಒಂದು ನಿಯಮವನ್ನು ದೊಡ್ಡದಾಗಿ ಬರೆಸಿದ್ದಾರೆ: ಹಿಂದಿನ ಕಾರ್ಡಿನಲ್ಲಿ ತಿಳಿದದ್ದನ್ನು ಈಗಿನ ಕಾರ್ಡಿನಲ್ಲಿ ಬಳಸತಕ್ಕದ್ದಲ್ಲ. ಇದನ್ನು ಮೀರಿದವರಿಗೆ ಆ ವರ್ಷ ನವೀಕರಣವಿಲ್ಲ. ನಾನು ಸೇರಿದ ಮೇಲೆ ಯಾರೂ ಮೀರಿದ್ದನ್ನು ನೋಡಿರಲಿಲ್ಲ. ಉಳಿದಂತೆ ನಮ್ಮದು ಎಲ್ಲ ಸಂಘಗಳ ಹಾಗೆಯೇ. ತಿಂಗಳ ಎರಡನೇ ಶನಿವಾರ ಯಾರಾದರೂ ಹೊಸ ತೀರ್ಪಿನ ಬಗ್ಗೆ ಉಪನ್ಯಾಸ ಕೊಡುತ್ತಾರೆ, ಮುಂದಿನ ಸಾಲಿನವರು ಕೇಳುತ್ತಾರೆ, ಹಿಂದಿನ ಸಾಲಿನವರು ಉಪ್ಪಿಟ್ಟಿನ ವಾಸನೆ ಬಂತೇ ಎಂದು ನೋಡುತ್ತಾರೆ. ಕಾರ್ತೀಕದಲ್ಲಿ ಕೆರೆ ಏರಿಯ ಮೇಲೆ ವನಭೋಜನ. ಚೈತ್ರದಲ್ಲಿ ಕ್ಯಾರಂ ಪಂದ್ಯ. ಅದರಲ್ಲಿ ಮಾತ್ರ ಜೋಡಿ ವಕೀಲರು ಒಂದೇ ತಂಡ.

ಹೋದ ವರ್ಷದ ಹಿಂದಿನ ಕಾರ್ತೀಕದಲ್ಲಿ, ನಾನು ಹಳದಿಯಲ್ಲಿದ್ದಾಗ, ಜೈತುನ್‌ಬಿಯ ಮಂಡಕ್ಕಿ ಭಟ್ಟಿ ಸುಟ್ಟುಹೋಯಿತು. ಊರಿನ ಪಡುವಣ ತುದಿಗೆ ಸಾಲಾಗಿ ಹತ್ತೆಂಟು ಭಟ್ಟಿಗಳಿವೆ, ಅದರಲ್ಲಿ ಕೊನೆಯದು ಅವಳದು. ಗಂಡ ತೀರಿದ ಮೇಲೆ ಒಬ್ಬಳೇ ನಡೆಸುತ್ತಿದ್ದಳು. ಬೆಳಗಿನ ಜಾವಕ್ಕೆ ಮುಂಚೆ ಎದ್ದು ಒಲೆ ಹೊತ್ತಿಸಿ, ಬಾಂಡಲಿಯಲ್ಲಿ ಮರಳು ಕಾಯಿಸಿ, ಉಪ್ಪು ಹಾಕಿ ಒಣಗಿಸಿದ ಅಕ್ಕಿಯನ್ನು ಅದಕ್ಕೆ ಸುರಿದಳೆಂದರೆ, ಮಲ್ಲಿಗೆ ಅರಳಿದ ಹಾಗೆ ಮಂಡಕ್ಕಿ ಅರಳುತ್ತಿತ್ತು. ಒಂದು ಮಧ್ಯಾಹ್ನ ಅವಳು ಊಟಕ್ಕೆ ಮನೆಗೆ ಹೋದಾಗ ಬೆಂಕಿ ಬಿತ್ತು. ಬರುವಷ್ಟರಲ್ಲಿ ತಗಡು ಸೂರು ಕುಸಿದಿತ್ತು. ಯಾರಿಗೂ ಏನೂ ಆಗಲಿಲ್ಲ, ಆದರೆ ಭಟ್ಟಿ ಎನ್ನುವುದು ಉಳಿಯಲಿಲ್ಲ.

ಕಂಪನಿ ಪರಿಹಾರ ಕೊಡುವುದಿಲ್ಲ ಎಂದಿತು. ಪಾಲಿಸಿಯಲ್ಲಿ ಒಂದು ಷರತ್ತಿತ್ತು: ಒಲೆಯಿಂದ ಹತ್ತು ಮಾರಿನೊಳಗೆ ಭತ್ತದ ಹೊಟ್ಟು ಇಟ್ಟಿರಬಾರದು. ಹೊಟ್ಟೇ ಒಲೆಗೆ ಉರುವಲು. ಯಾವ ಭಟ್ಟಿಯವರು ತಾನೇ ಅದನ್ನು ಹತ್ತು ಮಾರು ದೂರ ಇಡುತ್ತಾರೆ? ಇವಳು ಹತ್ತಿರದಲ್ಲೇ ಇಟ್ಟಿದ್ದಳು ಎಂದು ಕಂಪನಿಗೆ ಅನುಮಾನ. ಆದರೆ ಸುಟ್ಟ ಮೇಲೆ ಎಲ್ಲ ಬೂದಿಯೂ ಒಂದೇ, ಸಾಬೀತು ಮಾಡಲು ಅವರ ಹತ್ತಿರ ಏನೂ ಇರಲಿಲ್ಲ.

ಜೈತುನ್‌ಬಿ ನನ್ನ ಆಫೀಸಿಗೆ ವಾರಕ್ಕೊಮ್ಮೆ ಬರುತ್ತಿದ್ದಳು. ಕುರ್ಚಿ ಇದ್ದರೂ ಬಾಗಿಲ ಹತ್ತಿರದ ಸ್ಟೂಲಿನ ಮೇಲೇ ಕೂರುತ್ತಿದ್ದಳು. ಭಟ್ಟಿ ಇಲ್ಲದೆ ಕೈಗೆ ಕೆಲಸವಿಲ್ಲವಲ್ಲ, ಮಾತಾಡುವಾಗಲೆಲ್ಲ ಸೆರಗಿನ ಅಂಚನ್ನು ಬೆರಳಿಗೆ ಸುತ್ತಿ ಬಿಚ್ಚಿ ಮಾಡುತ್ತಿದ್ದಳು. ಪುಷ್ಯದಲ್ಲಿ ಒಂದು ದಿನ ಬಂದವಳು ಬಾಗಿಲು ಹಾಕಿದಳು.

"ಮೇಡಮ್ಮೋರೆ, ಒಂದು ಮಾತು ಹೇಳ್ಬೇಕು. ನನ್ನ ಎದೆ ಮ್ಯಾಲೆ ಕುಂತುಬಿಟ್ಟೈತೆ."

"ಹೇಳಿ."

"ಹೊಟ್ಟು ಅಲ್ಲೇ ಇತ್ತು. ಒಲೆ ಪಕ್ಕದಾಗೇ. ನಲವತ್ತು ಮೂಟೆ. ಅದೇನಾಗೈತಪ್ಪಾ ಅಂದ್ರೆ..."

ನಾನು ಕೈ ಎತ್ತಿದೆ. "ಸಾಕು ಜೈತುನ್‌ಬಿ. ಇದನ್ನ ಇಲ್ಲಿಗೇ ಬಿಟ್ಟುಬಿಡಿ. ಇನ್ನು ಯಾರ ಹತ್ತಿರಾನೂ ಬಾಯಿ ಬಿಡಬೇಡಿ. ನಾಳೆ ನನ್ನ ಜಾಗಕ್ಕೆ ಯಾರೇ ಬರ್ಲಿ, ಅವರಿಗೂ ಹೇಳಬೇಡಿ."

"ಇನ್ನೊಂದು ಐತೆ..."

"ಬೇಡ. ನನಗೂ ಹೇಳಬೇಡಿ."

ಅವಳು ಎದ್ದು ಬಾಗಿಲು ತೆಗೆದು ಹೋದಳು. ನಾನು ಜಾಣತನ ಮಾಡಿದೆ ಎಂದೇ ತಿಳಿದಿದ್ದೆ. ಗೊತ್ತಿಲ್ಲದ್ದನ್ನು ಮರೆಯಬೇಕಾಗಿಲ್ಲ ಎಂಬುದು ನಮ್ಮ ಕಸುಬಿನಲ್ಲಿ ಎಲ್ಲರೂ ಮೊದಲು ಕಲಿಯುವ ಪಾಠ.

ಮಾಘದ ಭಾನುವಾರ ಬಂತು. ಸಂಘದ ಅಂಗಳದಲ್ಲಿ ಶಾಮಿಯಾನ ಹಾಕಿದ್ದರು. ಮೂವತ್ತೆರಡು ಜನರೂ ರಿಜಿಸ್ಟರಿಗೆ ಸಹಿ ಹಾಕಿ ಕಾರ್ಡು ಬದಲಿಸಿಕೊಂಡರು. ಫೈಲುಗಳು ಕೈಗಾಡಿಯಲ್ಲಿ, ಗೋಣಿಚೀಲದಲ್ಲಿ, ಕೆಲವರದು ಹೆಂಡತಿಯ ತವರಿನಿಂದ ಬಂದ ಟ್ರಂಕಿನಲ್ಲಿ ಬಂದಿದ್ದವು. ಕಕ್ಷಿದಾರರೂ ಬಂದಿದ್ದರು, ತಮ್ಮ ಹೊಸ ವಕೀಲರ ಮುಖ ನೋಡಲು. ಪಂಪಾಪತಿಯವರು ತಮ್ಮ ಫೈಲುಗಳನ್ನು ನನ್ನ ಮುಂದಿಟ್ಟು ಪಟ್ಟಿ ಓದಿದರು. ಜೈತುನ್‌ಬಿಯ ಹೆಸರು ಬಂದಾಗ ಕನ್ನಡಕ ತೆಗೆದು ಒರೆಸಿ ಮತ್ತೆ ಹಾಕಿಕೊಂಡರು. ಬೇರೆ ಯಾವ ಹೆಸರಿಗೂ ಹಾಗೆ ಮಾಡಲಿಲ್ಲ.

ಜೈತುನ್‌ಬಿ ಶಾಮಿಯಾನದ ಕಂಬದ ಹತ್ತಿರ ನಿಂತಿದ್ದಳು. ನನ್ನನ್ನು ಕಂಡು ಹತ್ತಿರ ಬಂದು ತಗ್ಗಿದ ದನಿಯಲ್ಲಿ ಕೇಳಿದಳು. "ಇನ್ಮ್ಯಾಲೆ ನೀವು ಕಂಪ್ನಿ ಕಡೆ. ಅವತ್ತು ಹೇಳಿದ್ದು ನಿಮ್ಮ ಹೊಟ್ಟೆನಾಗೇ ಇರುತ್ತಲ್ವಾ?"

"ಇರುತ್ತೆ" ಎಂದೆ. "ಅದು ನನ್ನ ಜವಾಬ್ದಾರಿ."

ಸೋಮವಾರ ಮಧ್ಯಾಹ್ನ ಊಟವಾದ ಮೇಲೆ ಕಂಪನಿಯ ಫೈಲು ಬಿಚ್ಚಿದೆ. ಮೇಲೆ ಪಂಪಾಪತಿಯವರು ಜೈತುನ್‌ಬಿಗೆ ಕೇಳಬೇಕೆಂದು ಬರೆದಿಟ್ಟ ಪ್ರಶ್ನೆಗಳ ಪಟ್ಟಿ. ನಮ್ಮಲ್ಲಿ ಹಿಂದಿನವರು ಬರೆದ ಪ್ರಶ್ನೆಗಳನ್ನು ಮುಂದಿನವರು ಕೇಳಲೇಬೇಕು, ಒಂದನ್ನೂ ಬಿಡುವಂತಿಲ್ಲ. ಪಟ್ಟಿಯಲ್ಲಿ ಇದ್ದದ್ದು ಒಂದೇ: ಒಲೆಯ ಸಮೀಪ ಹೊಟ್ಟಿನ ಮೂಟೆಗಳು ಇದ್ದವೇ? ಅದನ್ನು ಮತ್ತೊಮ್ಮೆ ಓದಿ ಪಕ್ಕಕ್ಕಿಟ್ಟೆ. ಅದರ ಕೆಳಗೆ ಪತ್ರಗಳು, ರಸೀತಿಗಳು, ಸುಟ್ಟ ಜಾಗದ ಫೋಟೋಗಳು. ಎಲ್ಲಕ್ಕಿಂತ ಕೊನೆಗೆ ಮೂರು ವರ್ಷ ಹಳೆಯ ಒಂದು ಹಾಳೆ.

ಪಾಲಿಸಿ ಬರೆಯುವ ಮುಂಚೆ ಕಂಪನಿಯ ಇನ್‌ಸ್ಪೆಕ್ಟರ್ ಬಂದು ಭಟ್ಟಿ ನೋಡಿ ಬರೆದ ವರದಿ ಅದು. ಜೊತೆಗೆ ಕೈಯಲ್ಲೇ ಬರೆದ ನಕ್ಷೆ. ಬಾಗಿಲು, ಒಲೆ, ಜರಡಿ ಇಡುವ ಕಟ್ಟೆ. ಒಲೆಯಿಂದ ಎರಡು ಮಾರು ದೂರಕ್ಕೆ ಒಂದು ಚೌಕ, ಅದರೊಳಗೆ 'ಹೊಟ್ಟು, ೪೦ ಮೂಟೆ'. ಕೆಳಗೆ 'ನೋಡಿದ್ದೇನೆ, ಪಾಲಿಸಿ ಕೊಡಬಹುದು' ಎಂದು ಸಹಿ.

ನಾನು ಆ ಹಾಳೆಯನ್ನು ಮೇಜಿನ ಮೇಲಿಟ್ಟು ಸುಮಾರು ಹೊತ್ತು ನೋಡುತ್ತಾ ಕೂತೆ. ಹೊಟ್ಟು ಅಲ್ಲಿತ್ತೆಂದು ಕಂಪನಿಗೆ ಮೊದಲಿನಿಂದ ಗೊತ್ತಿತ್ತು. ಗೊತ್ತಿದ್ದೇ ಪಾಲಿಸಿ ಕೊಟ್ಟು ಮೂರು ವರ್ಷ ಕಂತು ಕಟ್ಟಿಸಿಕೊಂಡಿತ್ತು. ಈ ಹಾಳೆ ಕೋರ್ಟಿನ ಮುಂದೆ ಬಂದರೆ ಆ ಷರತ್ತಿಗೆ ಬೆಲೆಯೇ ಇಲ್ಲ. ಆದರೆ ತರುವವರು ಯಾರು? ಪಂಪಾಪತಿಯವರು ನೀಲಿಯಲ್ಲಿದ್ದಷ್ಟು ದಿನ ಇದನ್ನು ಇಟ್ಟುಕೊಂಡು ಸುಮ್ಮನಿದ್ದರು, ಆಗ ಕಂಪನಿ ಅವರ ಕಕ್ಷಿದಾರ. ಈಗ ಜೈತುನ್‌ಬಿಯ ವಕೀಲರಾದರೂ, ನೀಲಿಯಲ್ಲಿದ್ದಾಗ ತಿಳಿದದ್ದನ್ನು ಬಾಯಿ ಬಿಡುವಂತಿಲ್ಲ. ಇನ್ನು ನಾನು ಕಂಪನಿಯ ವಕೀಲೆ. ನನ್ನ ಫೈಲಿನ ಹಾಳೆಯನ್ನು ನಾನೇ ತೆಗೆದುಕೊಡುವುದು ಹೇಗೆ? ಇಬ್ಬರಿಗೂ ಎಲ್ಲ ಗೊತ್ತು, ಇಬ್ಬರ ಬಾಯಿಗೂ ಬೀಗ.

ಅದಕ್ಕಿಂತ ಹೆಚ್ಚಾಗಿ ನನ್ನನ್ನು ಕೊರೆದದ್ದು ಬೇರೆ. ಅವತ್ತು ಜೈತುನ್‌ಬಿ 'ಇನ್ನೊಂದು ಐತೆ' ಎಂದಿದ್ದಳು. ಅವಳು ಹೇಳಲು ಹೊರಟದ್ದು ಇದೇ ಇರಬಹುದೆಂದು ನನಗೆ ಆಗ ಹೊಳೆಯಿತು. ನಾನು ಅವಳ ವಕೀಲೆಯಾಗಿದ್ದೆ, ನನ್ನ ಕೈಯಲ್ಲಿ ಹಳದಿ ಕಾರ್ಡಿತ್ತು, ಬಾಗಿಲು ಹಾಕಿತ್ತು. ಇನ್ನೆರಡು ನಿಮಿಷ ಸುಮ್ಮನೆ ಕೇಳಿದ್ದರೆ ಸಾಕಿತ್ತು.

ಚೈತ್ರದ ಕ್ಯಾರಂ ಪಂದ್ಯದಲ್ಲಿ ನಾವಿಬ್ಬರೂ ಒಂದು ತಂಡವಾಗಿ ಎದುರುಬದುರು ಕೂತೆವು. ಪಂಪಾಪತಿಯವರು ಒಳ್ಳೆಯ ಆಟಗಾರರು, ಆದರೆ ಅವತ್ತು ಸ್ಟ್ರೈಕರ್ ಎರಡು ಸಲ ಅವರ ಕೈಯಿಂದಲೇ ಗುಂಡಿಗೆ ಬಿತ್ತು.

"ಕೈ ನಡುಗ್ತಿದೆಯಾ ಸಾರ್?" ಎಂದೆ.

"ವಯಸ್ಸಾಯ್ತಲ್ಲಮ್ಮಾ." ಪೌಡರ್ ಚೆಲ್ಲಿ ಕೈಯಾಡಿಸಿದರು. "ಹಾಳೆ ಪೂರ್ತಿ ಓದಿದ್ರಾ?"

ಯಾವ ಹಾಳೆ ಎಂದು ಅವರು ಹೇಳಲಿಲ್ಲ. ಅಷ್ಟು ಕೇಳಿದ್ದೇ ಹೆಚ್ಚಾಯಿತೆಂದು ಅವರ ಮುಖವೇ ಹೇಳುತ್ತಿತ್ತು.

"ಓದಿದೆ ಸಾರ್."

"ಹೂಂ." ಕೆಂಪು ಕಾಯಿಗೆ ಗುರಿಯಿಟ್ಟರು. "ಉಪ್ಪಿಟ್ಟಿಗೆ ಈ ಸಲವೂ ಉಪ್ಪು ಕಮ್ಮಿ." ನಾವು ಮೊದಲ ಸುತ್ತಿನಲ್ಲೇ ಸೋತೆವು.

ಜ್ಯೇಷ್ಠದಲ್ಲಿ ವಿಚಾರಣೆ. ಹಿಂದಿನ ದಿನ ಕಂಪನಿಯ ಅಧಿಕಾರಿ ಶೇಷಾದ್ರಿ ನನ್ನ ಆಫೀಸಿಗೆ ಬಂದರು. ಇಸ್ತ್ರಿ ಮಾಡಿದ ಅಂಗಿ, ಜೇಬಿನಲ್ಲಿ ಎರಡು ಪೆನ್ನು, ಮಾತು ಮೆತ್ತಗೆ.

"ಆ ಒಂದು ಪ್ರಶ್ನೆ ಕೇಳಿ, ಕೂತುಬಿಡಿ ಮೇಡಂ. ಆಕೆ ಪ್ರಮಾಣ ಮಾಡಿ ಸುಳ್ಳು ಹೇಳೋ ಪೈಕಿ ಅಲ್ಲ ಅಂತ ಭಟ್ಟಿ ಸಾಲಿನವರೆಲ್ಲ ಹೇಳ್ತಾರೆ."

"ಫೈಲಿನಲ್ಲಿ ಒಂದು ಹಳೇ ನಕ್ಷೆ ಇದೆ, ನೋಡಿದೀರಾ?"

"ಇದೆ. ಯಾರೂ ಕೇಳಿಲ್ಲವಲ್ಲ?"

"ಇಲ್ಲ."

"ಕೇಳೋವರೆಗೆ ನಾವು ಕೊಡಬೇಕಾಗಿಲ್ಲ." ಅವರು ಹೇಳಿದ್ದು ಕಾನೂನಿನ ಪ್ರಕಾರ ಸರಿಯಾಗಿತ್ತು. ಅವರು ಕೆಟ್ಟವರೇನಲ್ಲ, ಅವರ ಕೆಲಸ ಅವರು ಮಾಡುತ್ತಿದ್ದರು. "ನೀವೂ ಅದನ್ನ ನೆನಪು ಮಾಡ್ಕೊಳ್ಳೋ ಅಗತ್ಯ ಇಲ್ಲ" ಎಂದು ಹೇಳಿ ಕಾಫಿ ಮುಗಿಸಿ ಹೋದರು.

ಮರುದಿನ ಕೋರ್ಟಿನಲ್ಲಿ ಭಟ್ಟಿ ಸಾಲಿನ ಜನ ಹಿಂದಿನ ಬೆಂಚುಗಳಲ್ಲಿ ತುಂಬಿದ್ದರು. ಜೈತುನ್‌ಬಿ ಕಟಕಟೆಗೆ ಬಂದು ಪ್ರಮಾಣ ಮಾಡಿದಳು. ಪಂಪಾಪತಿಯವರು ಅವಳಿಂದ ಬೆಂಕಿಯ ದಿನದ ವಿವರ ಹೇಳಿಸಿ ಕೂತರು. ನನ್ನ ಸರದಿ. ಎದ್ದು ನಿಂತೆ. ಪಟ್ಟಿ ನೋಡುವ ಅಗತ್ಯವಿರಲಿಲ್ಲ, ಆದರೂ ಅವಳ ಮುಖ ನೋಡುವುದನ್ನು ತಪ್ಪಿಸಿಕೊಳ್ಳಲು ಹಾಳೆಯನ್ನೇ ನೋಡುತ್ತಾ ಕೇಳಿದೆ.

"ಒಲೆಯ ಸಮೀಪ ಹೊಟ್ಟಿನ ಮೂಟೆಗಳು ಇದ್ದವೇ?"

ತಲೆ ಎತ್ತಿದೆ. ಅವಳು ನನ್ನನ್ನೇ ನೋಡುತ್ತಿದ್ದಳು. ಸಿಟ್ಟಿಗಿಂತ ಹೆಚ್ಚಾಗಿ, ತಾನೇ ಬೀಗದ ಕೈ ಕೊಟ್ಟಿದ್ದವರು ತನ್ನ ಮನೆಯ ಬಾಗಿಲು ಒಡೆಯುತ್ತಿರುವುದನ್ನು ಕಂಡ ಹಾಗೆ ಅವಳ ಮುಖವಿತ್ತು.

"ನೀವೇ ಕೇಳ್ತೀರಾ?" ಎಂದಳು.

ನ್ಯಾಯಾಧೀಶರು ಉತ್ತರ ಹೇಳಬೇಕೆಂದು ಸೂಚಿಸಿದರು. ಅವಳು ಸೆರಗನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡಳು.

"ಇದ್ವು."

ಹಿಂದಿನ ಬೆಂಚುಗಳಲ್ಲಿ ಯಾರೋ 'ಅಯ್ಯೋ' ಎಂದರು. ಶೇಷಾದ್ರಿ ಪೆನ್ನಿನ ಮುಚ್ಚಳ ಹಾಕಿ ಜೇಬಿಗೆ ಸಿಕ್ಕಿಸಿಕೊಂಡರು. ನನ್ನ ಕೆಲಸ ಮುಗಿದಿತ್ತು, ನಾನು ಕೂರಬೇಕಿತ್ತು. ಅರ್ಧ ಕೂತೂ ಇದ್ದೆ, ಕುರ್ಚಿಯ ಕೈ ಹಿಡಿದಿದ್ದೆ. ಆಮೇಲೆ ಎಷ್ಟೋ ಜನ ಕೇಳಿದ್ದಾರೆ, ಮೊದಲೇ ಯೋಚಿಸಿಕೊಂಡು ಹೋಗಿದ್ದಿರಾ ಎಂದು. ಇಲ್ಲ. ನನ್ನ ಕಣ್ಣ ಮುಂದೆ ಇದ್ದದ್ದು ನನ್ನದೇ ಆಫೀಸು, ಹಾಕಿದ ಬಾಗಿಲು, ಸ್ಟೂಲಿನ ಮೇಲೆ ಕೂತ ಹೆಂಗಸು, ಎತ್ತಿದ ನನ್ನ ಕೈ. ನಾನು ಮತ್ತೆ ಎದ್ದು ನಿಂತೆ.

"ಯಾವತ್ತಿನಿಂದ ಇದ್ದವು?"

"ನಮ್ಮತ್ತೆ ಕಾಲದಿಂದ್ಲೂ ಅಲ್ಲೇ. ಹೊಟ್ಟು ಇನ್ನೆಲ್ಲಿ ಇಡ್ತಾರೆ?" ಅವಳ ದನಿ ಏರಿತು. "ಪಾಲಿಸಿ ಬರಿಯೋಕೆ ಬಂದ ಸಾಹೇಬ್ರು ಆ ಮೂಟೆ ಮ್ಯಾಲೇ ಕುಂತು ಚಾ ಕುಡಿದು ಹೋದ್ರು. ಮೂಟೆ ಎಣಿಸಿ ಬರ್ಕೊಂಡ್ರು. ಅವತ್ತೇ ಇದನ್ನ ಹೇಳೋಕೆ..." ಎಂದವಳು ನನ್ನನ್ನು ನೋಡಿ ಅಲ್ಲಿಗೇ ನಿಲ್ಲಿಸಿದಳು.

ಅವಳ ಮಾತು ಮುಗಿಯುವ ಮುಂಚೆಯೇ ಪಂಪಾಪತಿಯವರು ಎದ್ದು ನಿಂತಿದ್ದರು. "ಮಹಾಸ್ವಾಮಿ, ಸಾಕ್ಷಿ ಹೇಳ್ತಿರೋ ಆ ವರದಿ ಇದ್ದರೆ ಕಂಪನಿಯವರು ಹಾಜರುಪಡಿಸಬೇಕು." ನ್ಯಾಯಾಧೀಶರು ನನ್ನ ಕಡೆ ತಿರುಗಿದರು. ಇದೆಯೇ ಎಂದು ಕೇಳಿದರು. ನಾನು ಫೈಲಿನ ಕೊನೆಯ ಹಾಳೆಯನ್ನು ತೆಗೆದುಕೊಟ್ಟೆ.

ಆಷಾಢದಲ್ಲಿ ಜೈತುನ್‌ಬಿಯ ಪರವಾಗಿ ತೀರ್ಪು ಬಂತು. ಶ್ರಾವಣದಲ್ಲಿ ಭಟ್ಟಿಯ ಹೊಸ ಗೋಡೆ ಎದ್ದಿತು. ನಾನು ಒಮ್ಮೆ ಆ ದಾರಿಯಲ್ಲಿ ಹೋದಾಗ ಅವಳು ಇಟ್ಟಿಗೆಗೆ ನೀರು ಹಾಕಿಸುತ್ತಿದ್ದಳು. ನನ್ನನ್ನು ಕಂಡು ಮುಖ ತಿರುಗಿಸಿದಳು. ಅವಳ ಲೆಕ್ಕದಲ್ಲಿ ನಾನು ಹೊಟ್ಟೆಯಲ್ಲಿಟ್ಟುಕೊಳ್ಳುತ್ತೇನೆಂದು ಮಾತು ಕೊಟ್ಟು ಕೋರ್ಟಿನಲ್ಲಿ ಹೊರಗೆಳೆದವಳು. ಅವಳನ್ನು ಗೆಲ್ಲಿಸಿದವರು ಪಂಪಾಪತಿ ಸಾಹೇಬರು. ಆ ಮೊದಲ ಪ್ರಶ್ನೆ ನನ್ನದಲ್ಲ, ಪಂಪಾಪತಿಯವರದೇ ಎಂದು ಹೇಳುವಂತಿರಲಿಲ್ಲ. ಹೇಳಬೇಕೆಂದೂ ಅನಿಸಲಿಲ್ಲ. ಮುಖ ತಿರುಗಿಸುವ ಹಕ್ಕು ಅವಳಿಗೆ ಬೇರೆ ಕಾರಣಕ್ಕೆ ಇದ್ದೇ ಇತ್ತು.

ಕಂಪನಿಯಿಂದ ಸಂಘಕ್ಕೆ ಪತ್ರ ಬಂತು. ಶೇಷಾದ್ರಿಯವರು ಮರ್ಯಾದೆಯಿಂದಲೇ ಬರೆದಿದ್ದರು: ನಮ್ಮ ವಕೀಲರು ಪಟ್ಟಿಯಲ್ಲಿಲ್ಲದ ಪ್ರಶ್ನೆ ಕೇಳಿ ನಮಗೇ ನಷ್ಟ ಮಾಡಿದ್ದಾರೆ, ನಿಯಮ ಮೀರಿದ್ದಾರೋ ಇಲ್ಲವೋ ಸಂಘವೇ ವಿಚಾರಿಸಲಿ. ಅಧ್ಯಕ್ಷ ಮಲ್ಲಪ್ಪಶೆಟ್ಟರು ಅದನ್ನು ಮಾಘದ ನವೀಕರಣದ ಸಭೆಗೆ ಇಟ್ಟರು. ಅಲ್ಲಿಯವರೆಗೆ ಉಪನ್ಯಾಸಗಳಲ್ಲಿ ನನ್ನ ಪಕ್ಕದ ಕುರ್ಚಿ ಖಾಲಿ ಇರುತ್ತಿತ್ತು. ಯಾರೂ ಕೆಟ್ಟ ಮಾತಾಡಲಿಲ್ಲ. ಉಪ್ಪಿಟ್ಟು ಬಡಿಸುವವರು ಮಾತ್ರ ನನಗೆ ಎರಡು ಸೌಟು ಹೆಚ್ಚು ಹಾಕುತ್ತಿದ್ದರು. ಅದು ನನಗೆ ಇನ್ನೂ ಕಷ್ಟವಾಗುತ್ತಿತ್ತು.

ಕಾರ್ಡು ಹೋದರೆ ನನ್ನ ಗತಿ ಏನು ಎಂದು ಯೋಚಿಸಿದ್ದೆ. ಒಬ್ಬಳೇ ಇರುವವಳು, ಒಂದು ವರ್ಷ ಹೇಗೋ ತಳ್ಳಬಹುದು. ಆದರೆ ಒಂದು ವರ್ಷದ ಮಟ್ಟಿಗೆ ಅಂತ ಯಾರಿಗೂ ಹೊಸ ಜೋಡಿ ಕೊಡುವುದಿಲ್ಲ, ನಾನು ಹೋದರೆ ಪಂಪಾಪತಿಯವರೂ ಮನೆಯಲ್ಲಿ ಕೂರಬೇಕು. ಅರವತ್ತೊಂದನೇ ವಯಸ್ಸಿನಲ್ಲಿ, ನಾನು ಮಾಡಿದ ತಪ್ಪಿಗೆ. ಸಭೆಯ ಹಿಂದಿನ ದಿನ ಕೋರ್ಟಿನ ಮೆಟ್ಟಿಲ ಮೇಲೆ ಅವರನ್ನು ಕಂಡು ಕ್ಷಮೆ ಕೇಳಲು ಹೋದೆ. "ಸಾರ್, ನನ್ನಿಂದ ನಿಮಗೆ..." ಎನ್ನುವಷ್ಟರಲ್ಲಿ ಅವರು "ನಾಳೆ ಸಭೇಲಿ ಮಾತಾಡೋಣಮ್ಮಾ" ಎಂದು ಛತ್ರಿ ಬಿಡಿಸಿಕೊಂಡು ಬಿಸಿಲಿಗೆ ಇಳಿದರು.

ಸಭೆಯಲ್ಲಿ ಮಲ್ಲಪ್ಪಶೆಟ್ಟರು ಪತ್ರ ಓದಿದರು. ಅವರಿಗೆ ಎಂಬತ್ತರ ಹತ್ತಿರ. ನಿಧಾನವಾಗಿ, ಒಂದೊಂದು ಸಾಲಿಗೂ ನಿಲ್ಲಿಸಿ ಓದುತ್ತಾರೆ. ಓದಿ ಮುಗಿಸಿ ಕನ್ನಡಕದ ಮೇಲಿನಿಂದ ನನ್ನನ್ನು ನೋಡಿದರು.

"ಮೊದಲನೇ ಪ್ರಶ್ನೆ ಪಟ್ಟೀಲಿತ್ತು, ಸರಿ. ಎರಡನೇದು ಯಾಕೆ ಕೇಳಿದೆ ತಾಯಿ?"

ತಪ್ಪಿಸಿಕೊಳ್ಳಲು ದಾರಿಗಳಿದ್ದವು. ಬಾಯಿ ತಪ್ಪಿ ಬಂತು ಎನ್ನಬಹುದಿತ್ತು. ಹೊಟ್ಟು ಎಷ್ಟು ಕಾಲದಿಂದ ಇತ್ತೆಂದು ತಿಳಿದರೆ ಕಂಪನಿಗೇ ಅನುಕೂಲವೆಂದು ಕೇಳಿದೆ ಎನ್ನಬಹುದಿತ್ತು. ಹಾಗೆ ಹೇಳಿದ್ದರೆ ಅರ್ಧ ಸಭೆ ಸಂತೋಷದಿಂದ ತಲೆಯಾಡಿಸುತ್ತಿತ್ತು. ಮೂವತ್ತೊಂದು ಮುಖಗಳೂ ನಾನು ಹಾಗೆ ಏನಾದರೂ ಹೇಳಲಿ ಎಂದು ಕಾಯುತ್ತಿದ್ದವು.

"ಅದನ್ನ ನಾನು ಹಳದಿಯಲ್ಲಿದ್ದಾಗಲೇ ಕೇಳಬೇಕಾಗಿತ್ತು" ಎಂದೆ. "ಆಕೆ ನನ್ನ ಕಕ್ಷಿದಾರಳಾಗಿದ್ದಳು, ಹೇಳೋಕೆ ಬಂದಿದ್ದಳು. ನಾನು ಬಾಯಿ ಮುಚ್ಚಿಸಿದೆ. ಆಕೆ ಹತ್ತಿರ ಇನ್ನೊಂದು ಮಾತಿದೆ ಅಂತ ಹಳದಿಯಲ್ಲೇ ಗೊತ್ತಾಗಿತ್ತು, ಅವತ್ತು ಕೇಳದೇ ಬಿಟ್ಟಿದ್ದನ್ನ ನೀಲಿ ಕಾರ್ಡು ಇಟ್ಟುಕೊಂಡು ಕೇಳಿದೆ. ನಿಯಮ ಮೀರಿದ್ದು ಹೌದು."

ಮಲ್ಲಪ್ಪಶೆಟ್ಟರು ರಿಜಿಸ್ಟರಿನ ಮೇಲೆ ಕೈಯಿಟ್ಟು ಏನೋ ಹೇಳಲು ಹೊರಟರು. ಆಗ ಮೂರನೇ ಸಾಲಿನಿಂದ ಪಂಪಾಪತಿಯವರು ಎದ್ದರು.

"ಅಧ್ಯಕ್ಷರೇ, ನನ್ನದೂ ಒಂದು ಇದೆ. ಆ ಹೆಣ್ಣುಮಗಳು ವರದಿ ಅಂದಿರ್ಲಿಲ್ಲ. ಸಾಹೇಬ್ರು ಬರ್ಕೊಂಡ್ರು ಅಂದಳು, ಅಷ್ಟೇ. ವರದಿ ಹಾಜರುಪಡಿಸಿ ಅಂತ ನಾನೇ ಹೆಸರಿಟ್ಟು ಕೇಳಿದೆ. ಅದು ಇದೆ ಅಂತ ನನಗೆ ಗೊತ್ತಿತ್ತು. ನೀಲಿಯಲ್ಲಿ ನೋಡಿದ್ದನ್ನ ಹಳದಿಯಲ್ಲಿ ಬಳಸಿದೆ."

"ಕೂತ್ಕೋ ಪಂಪಾಪತಿ" ಎಂದರು ಮಲ್ಲಪ್ಪಶೆಟ್ಟರು. "ನಿನ್ನ ಮೇಲೆ ಯಾರೂ ದೂರು ಕೊಟ್ಟಿಲ್ಲ."

"ಕೊಡ್ಬೇಕಾಗಿತ್ತು. ಈಕೆ ತಪ್ಪಿಗೆ ನಾನು ಮನೇಲಿ ಕೂತೆ ಅಂತ ಯಾರೂ ಅನ್ನಬಾರ್ದು. ನನ್ನ ತಪ್ಪಿಗೆ ನಾನೇ ಕೂರ್ತೀನಿ, ಬರ್ಕೊಳ್ಳಿ."

ಮಲ್ಲಪ್ಪಶೆಟ್ಟರು ಕಂಪನಿಯ ಪತ್ರವನ್ನು ಮಡಿಚಿಟ್ಟರು. ಆಮೇಲೆ ಹೇಳಿದರು: "ನೀವಿಬ್ಬರೂ ಮಾಡಿದ್ದು ಕೆಟ್ಟ ಕೆಲಸ ಅಂತ ನಾನು ಹೇಳಲ್ಲ. ಆದ್ರೆ ಇವತ್ತು ಇದನ್ನ ಬಿಟ್ಟರೆ ನಾಳೆ ಯಾರೂ ನಮ್ಮ ಮುಂದೆ ಬಾಯಿ ಬಿಡಲ್ಲ. ಹೇಳಿದ್ದು ಮಾಘದವರೆಗೆ ಮಾತ್ರ ಭದ್ರ ಅಂತಾಗುತ್ತೆ." ನಾನು ತಲೆಯಾಡಿಸಿದೆ. ಅದರಲ್ಲಿ ನನಗೆ ಎರಡು ಮಾತಿರಲಿಲ್ಲ. ಒಂದು ವರ್ಷ ಇಬ್ಬರಿಗೂ ನವೀಕರಣವಿಲ್ಲ ಎಂದು ಅವರೇ ತಮ್ಮ ನಡುಗುವ ಅಕ್ಷರದಲ್ಲಿ ಬರೆದರು. ನಮ್ಮ ಹೆಸರುಗಳು ಒಂದರ ಕೆಳಗೊಂದು ಬಂದವು.

ನಮ್ಮ ಫೈಲುಗಳನ್ನು ಆ ವರ್ಷದ ಮಟ್ಟಿಗೆ, ಕಾದಿದ್ದ ಹೊಸ ಜೋಡಿಗೆ ಕೊಟ್ಟೆವು. ಒಬ್ಬ ಹುಡುಗಿ, ಒಬ್ಬ ಹುಡುಗ, ಮೂರು ವರ್ಷದಿಂದ ಕಾಯುತ್ತಿದ್ದವರು. ಖುಷಿಪಡಬೇಕೋ ಬೇಡವೋ ತಿಳಿಯದೆ ನಮ್ಮ ಕಾಲು ಮುಟ್ಟಿ ನಮಸ್ಕರಿಸಿದರು. ನಾನು ಆ ಹುಡುಗಿಗೆ ಒಂದೊಂದು ಫೈಲೂ ತೋರಿಸಿ ಯಾರು ಯಾವ ಓಣಿಯಲ್ಲಿರುತ್ತಾರೆ, ಯಾರಿಗೆ ಕಿವಿ ಮಂದ, ಯಾರು ಬಂದರೆ ಮೊದಲು ನೀರು ಕೊಡಬೇಕು ಎಂದೆಲ್ಲ ಹೇಳಿದೆ. ಅಂಗಳದಲ್ಲಿ ಉಳಿದವರು ಕಾರ್ಡು ಬದಲಿಸಿಕೊಳ್ಳುತ್ತಿದ್ದರು. ನಾವಿಬ್ಬರೂ ಬರಿಗೈಯಲ್ಲಿ ಗೇಟಿನ ಹೊರಗೆ ಬಂದೆವು.

"ಊಟದ ಹೊತ್ತಾಯ್ತು" ಎಂದರು ಪಂಪಾಪತಿಯವರು. "ಮನೆಗೆ ಬನ್ನಿ."

ನಾನು ಅವರ ಮುಖ ನೋಡಿದೆ. ಜೋಡಿ ವಕೀಲರು ಒಬ್ಬರ ಮನೆಗೆ ಒಬ್ಬರು ಹೋಗುವುದಿಲ್ಲ. ಊಟಕ್ಕೆ ಕೂತಾಗ ಯಾವ ಮಾತು ಎಲ್ಲಿ ಜಾರುತ್ತದೋ ಎಂಬ ಭಯ. ಅವರ ಮಗಳ ಮದುವೆಗೂ ನಾನು ಹೋಗಿರಲಿಲ್ಲ, ನನ್ನ ತಾಯಿ ತೀರಿಕೊಂಡಾಗ ಅವರು ಬಂದಿರಲಿಲ್ಲ.

"ಈಗ ಯಾವ ಕಾರ್ಡಿದೆ ನಮ್ಮ ಹತ್ರ?" ಎಂದು ನಕ್ಕರು. ಹದಿನಾರು ವರ್ಷದಲ್ಲಿ ಅವರು ನಕ್ಕಿದ್ದನ್ನು ನಾನು ನೋಡಿದ್ದೇನೋ ಇಲ್ಲವೋ, ನೆನಪಾಗಲಿಲ್ಲ.

ಅವರ ಮನೆ ಹಳೆಯ ಅಂಚೆ ಕಚೇರಿಯ ಹಿಂದೆ. ಬಾಗಿಲು ತೆರೆದ ಅವರ ಮನೆಯಾಕೆ ನನ್ನನ್ನು ಮೇಲಿಂದ ಕೆಳಗೆ ನೋಡಿ, "ಇಷ್ಟೇ ಇದೀರಾ! ಇವರು ಹೇಳೋದು ಕೇಳಿ ನೀವು ಏಳಡಿ ಎತ್ತರ ಅಂದ್ಕೊಂಡಿದ್ದೆ" ಎಂದರು. ಕಾಲು ತೊಳೆಯಲು ನೀರು ಕೊಟ್ಟರು. ನೆಲದ ಮೇಲೆ ಎರಡು ಮಣೆ ಹಾಕಿದರು. ಮುದ್ದೆ, ಅವರೆಕಾಳಿನ ಸಾರು, ಹುರಿದ ಮೆಣಸಿನಕಾಯಿ. ಇನ್ನು ಒಂದು ವರ್ಷ ಗಂಡನನ್ನು ಮನೆಯಲ್ಲಿ ಹೇಗೆ ಸಹಿಸಿಕೊಳ್ಳುವುದು ಎಂದು ಆಕೆ ಬಡಿಸುತ್ತಲೇ ತಮಾಷೆ ಮಾಡಿದರು. ಪಂಪಾಪತಿಯವರು ಉತ್ತರ ಕೊಡದೆ ತುತ್ತು ಮುರಿದು ಸಾರಿನಲ್ಲಿ ಅದ್ದಿ ಹಾಗೇ ಹಿಡಿದುಕೊಂಡಿದ್ದರು.

"ಆ ನಕ್ಷೆ ನೋಡಿದ ದಿನ..." ಎಂದು ಶುರು ಮಾಡಿ ನಿಲ್ಲಿಸಿದರು. ಹೆಂಡತಿಯ ಕಡೆ ನೋಡಿದರು, ನನ್ನ ಕಡೆ ನೋಡಿದರು. ಹದಿನಾರು ವರ್ಷದ ಅಭ್ಯಾಸ ಅಡ್ಡ ಬಂತು. "ಬೇಡ ಬಿಡಿ. ಈಗ್ಯಾಕೆ."

"ಹೇಳಿ ಸಾರ್" ಎಂದೆ.

"ಉದ್ದ ಇದೆ ಅದು."

"ಇರಲಿ, ಹೇಳಿ."

ಅವರು ಹೇಳತೊಡಗಿದರು. ಒಂದು ಕಡೆ ಹೇಳಿದ್ದನ್ನೇ ಮತ್ತೆ ಹೇಳಿದರು, ಒಮ್ಮೆ ಅವರ ಕಣ್ಣು ತುಂಬಿ ಬಂತು. ನನ್ನ ಕೈ ತಟ್ಟೆಯಲ್ಲೇ ಒಣಗಿತು. ಅವರ ಮಾತು ಪೂರ್ತಿ ಮುಗಿಯುವವರೆಗೆ ನಾನು ನಡುವೆ ಬಾಯಿ ಹಾಕಲಿಲ್ಲ.